ರಾಣಿ ಕೆಳಗೆ, ಮರಿ ಮೇಲೆ: ವಸಂತದಲ್ಲಿ ಜೇನು ಕುಟುಂಬ ಪಾಲಾಗದಂತೆ ನೋಡಿಕೊಂಡ ನನ್ನ ಅನುಭವ

ವಸಂತದಲ್ಲಿ ಬಲವಾದ ಜೇನು ಕುಟುಂಬ ಪಾಲಾಗಿಯೇ ಆಗುತ್ತದೆ (ಅಂದರೆ ಹಳೆ ರಾಣಿ ಒಂದಷ್ಟು ನೊಣಗಳ ಜೊತೆ ಗೂಡು ಬಿಟ್ಟು ಹಾರುತ್ತಾಳೆ), ತಡೆಯೋಕೆ ಹೋಗಬೇಡ, ನೀನೇ ಒಡೆದು ಎರಡು ಮಾಡು ಎಂದು ಎಲ್ಲರೂ ಹೇಳುತ್ತಿದ್ದರು. ಒಡೆದರೆ ಪೆಟ್ಟಿಗೆ ಹೆಚ್ಚುತ್ತವೆ ನಿಜ. ಆದರೆ ನನಗೆ ಬೇಕಿದ್ದದ್ದು ಜೇನು. ತುಂಬಿದ ಒಂದು ಕುಟುಂಬ ತರುವಷ್ಟನ್ನು ಎರಡು ಅರೆಬರೆ ಕುಟುಂಬಗಳು ಆ ಸೀಸನ್‌ನಲ್ಲಿ ತರುವುದಿಲ್ಲ. ಈಗ ಒಡೆಯದೆಯೇ ನಿಲ್ಲಿಸಿದ್ದೇನೆ. ಸುಮಾರು 30 ಪೆಟ್ಟಿಗೆಗಳಲ್ಲಿ ಹಾರಿದ್ದು ಒಂದೋ ಎರಡೋ.

ಮೊದಲು ಕೆಲವು ವರ್ಷ ವಾರಕ್ಕೊಮ್ಮೆ, ಹೊಸ ರಾಣಿ ಬೆಳೆಯುವ ರಾಣಿಕೋಶ ಕೀಳುವ ದಾರಿ ಹಿಡಿದಿದ್ದೆ. ಅದು ಸುಮ್ನೆ ಬೆನ್ನುನೋವು. ಎರಿಯ (ಮೇಣದ ಕಣಗಳ ಹಲ್ಲೆಯ) ಮೂಲೆಯಲ್ಲಿ, ಜೇನುನೊಣಗಳ ಗುಂಪಿನಡಿ ಒಂದು ಕೋಶ ಉಳಿದರೂ ಸಾಕು. ಮೊಟ್ಟೆ ಇಟ್ಟ 8–9ನೇ ದಿನಕ್ಕೆ ಅದರ ಬಾಯಿ ಮುಚ್ಚುತ್ತದೆ, ಹಳೆ ರಾಣಿ ಹೊರಡುತ್ತಾಳೆ. ಜೊತೆಗೆ ಅರ್ಧಕ್ಕಿಂತ ಜಾಸ್ತಿ ನೊಣ, ಅವುಗಳ ಹೊಟ್ಟೆ ತುಂಬ ಜೇನು. ಎಲ್ಲ ಕೋಶ ಕಿತ್ತರೂ ಹಾರುವ ಮನಸ್ಸು ಹೋಗುವುದಿಲ್ಲ, ಮತ್ತೆ ಕಟ್ಟುತ್ತವೆ. ಜೇನು ತುಂಬಲೆಂದು ಮೇಲೆ ಇಡುವ ಜೇನುಕೋಣೆಯನ್ನು ಬೇಗ ಇಟ್ಟೂ ನೋಡಿದೆ. ಮೇಲೆ ಜಾಗ ಖಾಲಿ, ಕೆಳಗೆ ರಾಣಿ ಮೊಟ್ಟೆ ಇಡುವ ಸಂಸಾರಕೋಣೆಯಲ್ಲಿ ಅದೇ ಇಕ್ಕಟ್ಟು.

ಸಕ್ಕರೆ ಪಾಕಕ್ಕೂ ತುಂಬ ದುಡ್ಡು ಹೋಯಿತು. ಮೊಟ್ಟೆಯಿಂದ ಕೆಲಸಗಾರ ನೊಣವಾಗಲು 21 ದಿನ, ಹೊರಗೆ ದುಡಿಯಲು ಇನ್ನೂ ಹತ್ತಿರ ಮೂರು ವಾರ. ಹಾಗಾಗಿ ಹೂ ಬರುವ ಆರು ವಾರ ಮೊದಲೇ ಸಕ್ಕರೆ, ನೀರು ಸಮ ಸಮ ಹಾಕಿದ ಪಾಕ ಕೊಡುವುದು ಸರಿ. ಆದರೆ ಮಕರಂದ ಬರತೊಡಗಿದ ಮೇಲೂ ಕೊಟ್ಟರೆ ಪಾಕ ಮರಿ ಹೊರಬಂದ ಕಣಗಳಿಗೇ ತುಂಬುತ್ತದೆ. ರಾಣಿಗೆ ಮೊಟ್ಟೆ ಇಡಲು ಜಾಗವಿಲ್ಲ. ದುಡ್ಡು ಕೊಟ್ಟು ಪಾಲಾಗಿಸಿದ ಹಾಗೆ, ಅಲ್ವಾ? ಈಗ ಮರಿಯ ಸುತ್ತ ಹಸಿ ಪಾಕ ಮಿನುಗುವುದು ಕಂಡರೆ ಅವತ್ತೇ ನಿಲ್ಲಿಸುತ್ತೇನೆ.

ನನಗೆ ಕೈಹಿಡಿದದ್ದು ಡೆಮರಿ ಎಂಬ ಅಮೆರಿಕದ ಜೇನು ಸಾಕಣೆಗಾರ 1892ರಲ್ಲಿ ಪ್ರಕಟಿಸಿದ ವಿಧಾನ. ರಾಣಿಯನ್ನು ಒಂದು ಮರಿ ಎರಿಯ (ಮೊಟ್ಟೆ, ಮರಿಹುಳು ಇರುವ ಎರಿ) ಜೊತೆ ಕೆಳಗಿನ ಕೋಣೆಯಲ್ಲಿ ಬಿಟ್ಟು, ಉಳಿದ ಜಾಗಕ್ಕೆ ಕಟ್ಟಿದ ಖಾಲಿ ಎರಿ ಕೊಡುತ್ತೇನೆ. ಅದರ ಮೇಲೆ ಕೆಲಸಗಾರ ನೊಣ ಮಾತ್ರ ದಾಟಬಲ್ಲ ರಾಣಿ ತಡೆ ಜಾಲರಿ, ಆಮೇಲೆ ಜೇನುಕೋಣೆ, ಎಲ್ಲಕ್ಕಿಂತ ಮೇಲೆ ಮಿಕ್ಕ ಮರಿ ಎರಿಗಳು. ಮರಿಯನ್ನು ನೋಡಿಕೊಳ್ಳುವ ನೊಣಗಳು ಮೇಲೇರುತ್ತವೆ, ಕೆಳಗೆ ರಾಣಿಗೆ ಬೇಕಾದಷ್ಟು ಜಾಗ. ಕುಟುಂಬ ಒಡೆಯುವುದೂ ಇಲ್ಲ, ಇಕ್ಕಟ್ಟೂ ಇಲ್ಲ.

ಮೇಲಿನ ಮರಿ ಚಳಿಗೆ ಸಾಯುತ್ತದೆ ಎಂದು ಹೆದರಿಸಿದವರಿದ್ದರು. ಮರಿಗೆ 34–35 ಡಿಗ್ರಿ ಬೇಕು ನಿಜ. ಆದರೆ ಬಿಸಿ ಮೇಲಕ್ಕೇ ಏರುತ್ತದೆ, ನೊಣಗಳೂ ಅಲ್ಲೇ ಕವಿಯುತ್ತವೆ. ಎಲ್ಲ ಎರಿಗಳ ಮೇಲೂ ನೊಣ ತುಂಬುವ ತನಕ, ರಾತ್ರಿಯ ಚಳಿ ಇಳಿಯುವ ತನಕ ನಾನು ಕೈಹಾಕುವುದಿಲ್ಲ. ಸಣ್ಣ ಕುಟುಂಬಕ್ಕಂತೂ ಇದು ಬೇಡವೇ ಬೇಡ.

ಸುಮಾರು 9 ದಿನದ ನಂತರ ಮೇಲಿನ ಕೋಣೆಯನ್ನು ತಪ್ಪದೆ ನೋಡಬೇಕು. ರಾಣಿಯಿಂದ ದೂರವಾದ ಕಾರಣ ನೊಣಗಳು ಅಲ್ಲಿ ರಾಣಿಕೋಶ ಕಟ್ಟಿರುತ್ತವೆ. ಅಷ್ಟನ್ನೂ ತೆಗೆದರೆ ಮುಗಿಯಿತು. ಆ ಹೊತ್ತಿಗೆ ಅಲ್ಲಿ ಮೊಟ್ಟೆಯೂ ಇರುವುದಿಲ್ಲ, ಎಳೆ ಮರಿಹುಳುವೂ ಇರುವುದಿಲ್ಲ. ಹೊಸ ರಾಣಿ ಮಾಡಲು ಅವುಗಳ ಬಳಿ ಏನೂ ಉಳಿದಿಲ್ಲ. ವಾರವಾರ ಕೀಳುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇದೇ ದೊಡ್ಡದು. ಗಂಡು ನೊಣಗಳು ಜಾಲರಿ ದಾಟಲಾರವು, ಮೇಲೆ ಒಂದು ಸಣ್ಣ ಬಾಗಿಲು ಬಿಡಿ.

ಖರ್ಚು ಎಲ್ಲಿ ಅಂದರೆ ಹೆಚ್ಚುವರಿ ಕೋಣೆ, ಜಾಲರಿ, ಎಲ್ಲಕ್ಕಿಂತ ಕಟ್ಟಿದ ಎರಿ. ಒಂದು ಕಿಲೋ ಮೇಣಕ್ಕೆ ನೊಣಗಳು ಹಲವು ಕಿಲೋ ಜೇನು ತಿನ್ನುತ್ತವೆ. ಕೆಳಗೆ ಬರೀ ಮೇಣದ ಹಾಳೆ ಕೊಟ್ಟ ಪೆಟ್ಟಿಗೆಗಳು ಒಂದೆರಡು ವಾರ ಹಿಂದೆ ಬಿದ್ದವು. ಹಾಗಾಗಿ ಹಳೆ ಎರಿಯನ್ನು ಮೇಣದ ಚಿಟ್ಟೆಯಿಂದ ಕಾಪಾಡಿ ಇಡುವುದೇ ನನ್ನ ಮುಖ್ಯ ಉಳಿತಾಯ.

ಇದರ ಜೊತೆ ಅರ್ಧದಷ್ಟು ಪೆಟ್ಟಿಗೆಗಳ ಕೆಳಗಿನ ಕೋಣೆಗೆ ಗಂಡು ಮರಿಗೆಂದು ಒಂದು ಖಾಲಿ ಚೌಕಟ್ಟು ಕೊಟ್ಟು ನೋಡಿದೆ. ಜೇನುನೊಣಕ್ಕೆ ಅಂಟುವ ವರೋವಾ ಎಂಬ ಉಣ್ಣೆಗೆ ಗಂಡು ಮರಿ ಅಂದರೆ ಜಾಸ್ತಿ ಇಷ್ಟ. ಕಣಗಳ ಬಾಯಿ ಮುಚ್ಚಿದ ಮೇಲೆ, ಮೊಟ್ಟೆ ಇಟ್ಟ 24ನೇ ದಿನಕ್ಕೆ ಮೊದಲೇ ಕತ್ತರಿಸಿ ತೆಗೆದರೆ ಉಣ್ಣೆಯೂ ಹೋಗುತ್ತದೆ. ಆ ಪೆಟ್ಟಿಗೆಗಳ ಅಡಿಹಲಗೆಯಲ್ಲಿ ಉಣ್ಣೆ ಕಣ್ಣಿಗೆ ಕಾಣುವಷ್ಟು ಕಮ್ಮಿ ಇತ್ತು. ಒಂದು ಸಲ ತೆಗೆಯುವುದು ತಡವಾದರೂ ನಾವೇ ಉಣ್ಣೆ ಸಾಕಿದಂತೆ, ದಿನ ಬರೆದಿಟ್ಟುಕೊಳ್ಳಿ.

ಮೂರು ವಾರ ದಾಟಿದರೆ ಮೇಲಿನ ಕೆಲಸಗಾರ ಮರಿಯೆಲ್ಲ ನೊಣವಾಗಿ, ಖಾಲಿ ಕಣಗಳಿಗೆ ಜೇನು ತುಂಬತೊಡಗುತ್ತದೆ. ಮೊದಲು ಒಂದು ಜೇನುಕೋಣೆ ತುಂಬಿದರೆ ಖುಷಿಪಡುತ್ತಿದ್ದ ನಾನು ಈಗ ಹೆಚ್ಚಿನ ಪೆಟ್ಟಿಗೆಗಳಲ್ಲಿ ಎರಡು ತೆಗೆಯುತ್ತಿದ್ದೇನೆ. ಹೂವು ಇನ್ನೂ ಜೋರಾಗಿದ್ದು ಕೆಳಗೆ ಮತ್ತೆ ಇಕ್ಕಟ್ಟಾದರೆ ಇದೇ ಕೆಲಸವನ್ನು ಇನ್ನೊಮ್ಮೆ ಮಾಡುತ್ತೇನೆ.