ದೇಶಾನ ಅಡ್ಡಡ್ಡ ದಾಟಿದ್ದು: ಮಂಗಳೂರಿಂದ ಚೆನ್ನೈಗೆ ಸೈಕಲ್ಲು

ಕಾಶ್ಮೀರದಿಂದ ಕನ್ಯಾಕುಮಾರಿ ಅಂದ್ರೆ 44ನೇ ಹೆದ್ದಾರಿಯಲ್ಲಿ 3,700 ಕಿ.ಮೀ ಮೇಲಾಗುತ್ತೆ, ಅಷ್ಟು ರಜೆ ಯಾರಪ್ಪ ಕೊಡ್ತಾರೆ, ಅದಕ್ಕೇ ಉದ್ದಕ್ಕೆ ಬೇಡ ಅಡ್ಡಕ್ಕೆ ದಾಟೋಣ ಅಂತ ಮಂಗಳೂರು–ಚೆನ್ನೈ ಹಿಡಿದೆ. ಸಮುದ್ರದಿಂದ ಸಮುದ್ರಕ್ಕೆ ಹೆಚ್ಚುಕಮ್ಮಿ 700 ಕಿ.ಮೀ, ನಟ್ಟನಡುವೆ ಬೆಂಗಳೂರು ರಾಜಾಜಿನಗರದ ನಮ್ಮನೆ.

ಎಕ್ಸೆಲ್ ಶೀಟಲ್ಲಿ 700ನ 7ರಿಂದ ಭಾಗಿಸಿ ದಿನಕ್ಕೆ ನೂರು ಅಂತ ಬರ್ಕೊಂಡಿದ್ದೆ. ಭಾನುವಾರ ನಂದಿ ಹತ್ತೋಕೆ ಜೊತೆಗೆ ಬರೋ ಗೆಳೆಯ ನೋಡಿ ನಕ್ಕ, "ಲೋ, ಶಿರಾಡಿ ಘಾಟಿ ಹತ್ತೋ ದಿನಾನೂ ನೂರೇನೋ? ದೂರ ಎಣಿಸಬೇಡ, ಏರು ಎಣಿಸು." ಹೌದಲ್ವಾ, ಮಂಗಳೂರು ಸಮುದ್ರಮಟ್ಟ, ಸಕಲೇಶಪುರ 900 ಮೀಟರಿಗಿಂತ ಮೇಲೆ, ಆ ಏರಿನ ಬಹುಪಾಲು ಘಾಟಿಯ 26 ಕಿ.ಮೀನಲ್ಲೇ ಇದೆ. ಹಂಗಾಗಿ ಮೊದಲ ದಿನ ನೆಲ್ಯಾಡಿಗೆ ಸ್ಟಾಪ್, ಎರಡನೇ ದಿನ ಸಕಲೇಶಪುರ ಅಷ್ಟೇ. ಹಿಂದಿನ ಕ್ಯಾಸೆಟ್, ಅಂದ್ರೆ ಗೇರಿನ ಹಲ್ಲುಚಕ್ರಗಳ ಗೊಂಚಲು, ದೊಡ್ಡ ಚಕ್ರಕ್ಕೆ 28 ಹಲ್ಲಿದ್ದದ್ದು ತೆಗೆಸಿ 34 ಹಲ್ಲಿನದು ಹಾಕಿಸಿದೆ (ಹಲ್ಲು ಹೆಚ್ಚಿದ್ರೆ ಏರು ಹಗುರ), 9 ಕೆಜಿ ಬ್ಯಾಗ್ ಕಟ್ಕೊಂಡೇ ನಾಲ್ಕು ಭಾನುವಾರ ನಂದಿ ಹತ್ತಿದೆ. ಖಾಲಿ ಸೈಕಲ್ಲಲ್ಲಿ ಹತ್ತೋದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ ಬಿಡಿ.

ಇಷ್ಟೆಲ್ಲಾ ಮಾಡಿ ಎಡವಿದ್ದು ಬಸ್ಸಿನ ಲಗೇಜ್ ಡಿಕ್ಕಿಯಲ್ಲಿ. ಮಂಗಳೂರಿಗೆ ಹೋಗೋಕೆ ರಾತ್ರಿ ಬಸ್ಸಿಗೆ ಸೈಕಲ್ ಹಾಕಿ ಮಲಗಿದೆ, ಯಾರದ್ದೋ ಅಕ್ಕಿ ಮೂಟೆ ಅದರ ಮೇಲೆ ಬಿದ್ದು ಡಿರೈಲರ್ ಹ್ಯಾಂಗರ್ ಸೊಟ್ಟ. ಡಿರೈಲರ್ ಅಂದ್ರೆ ಚೈನನ್ನ ಹಲ್ಲಿಂದ ಹಲ್ಲಿಗೆ ದಾಟಿಸೋ ಭಾಗ, ಹ್ಯಾಂಗರ್ ಅಂದ್ರೆ ಅದನ್ನ ಹಿಡ್ಕೊಂಡಿರೋ ಬೆರಳುದ್ದದ ಅಲ್ಯೂಮಿನಿಯಂ ತುಂಡು, ಫ್ರೇಮ್ ಉಳೀಲಿ ಅಂತ ಬಾಗೋ ಹಾಗೇ ಮಾಡಿರ್ತಾರೆ, ಒಂದೊಂದು ಮಾಡೆಲ್ಲಿಗೆ ಒಂದೊಂದು ಆಕಾರ, ಸಿಕ್ಕ ಸಿಕ್ಕ ಅಂಗಡೀಲಿ ಸಿಗಲ್ಲ. ಮಂಗಳೂರಲ್ಲಿ ಮೆಕ್ಯಾನಿಕ್ ಒಬ್ಬರು ಕೈಲಾದಷ್ಟು ನೆಟ್ಟಗೆ ಮಾಡಿ, "ದೊಡ್ಡ ಹಲ್ಲಿಗೆ ಮಾತ್ರ ಹಾಕ್ಬೇಡಿ, ಸ್ಪೋಕ್ಸಿಗೆ ಸಿಕ್ಕೊಳ್ಳುತ್ತೆ" ಅಂದ್ರು. ಅಂದ್ರೆ ಯಾವ 34 ಹಲ್ಲನ್ನ ಶಿರಾಡಿಗಂತ ಹಾಕಿಸಿದ್ನೋ ಅದನ್ನ ಬಿಟ್ಟು ಶಿರಾಡಿ ಹತ್ತಬೇಕು. ಹತ್ತಿದೆ, ಕಾಲು ಭಾಗ ತಳ್ಕೊಂಡು. ನೀವು ಸೈಕಲ್ ಬಸ್ಸಿಗೆ ಹಾಕೋದಾದ್ರೆ ಡಿರೈಲರ್ ಬಿಚ್ಚಿ ಬಟ್ಟೆ ಸುತ್ತಿ ಫ್ರೇಮಿನ ಒಳಬದಿಗೆ ಕಟ್ಟಿ, ಚೈನ್ ಇರೋ ಕಡೆ ಮೇಲ್ಮಾಡಿ ಮಲಗಿಸಿ, ಒಂದು ಸ್ಪೇರ್ ಹ್ಯಾಂಗರ್ ಬ್ಯಾಗಲ್ಲಿರಲಿ.

ಹಾಸನ, ಚನ್ನರಾಯಪಟ್ಟಣ ಎಲ್ಲ ಸುಸೂತ್ರ. ನಾಲ್ಕನೇ ದಿನ ಸಂಜೆ ಮನೆ. ಹೊಸ ಹ್ಯಾಂಗರ್ ಹಾಕಿಸಿದೆ, ಅಮ್ಮ ಸಾರು ಬಡಿಸ್ತಾ "ಇನ್ನು ಸಾಕಲ್ಲೋ" ಅಂದ್ರು, ಸಾಕು ಅಂತ ನಂಗೂ ಅನ್ನಿಸ್ತು. ಒಂದು ದಿನ ಅಂದ್ಕೊಂಡ ರೆಸ್ಟ್ ಎರಡು ದಿನ ಆಯ್ತು.

ಆಮೇಲೆ ಕೋಲಾರದ ಕಡೆ ರಸ್ತೆ ಸಲೀಸು, ಗೇರೂ ಸರಿ, ಆದ್ರೂ ಗಂಟೆಗೆ 14 ದಾಟ್ತಿಲ್ಲ. ಗಾಳಿ! ಮಳೆ ತಪ್ಪಿಸ್ಬೇಕು ಅಂತ ಜನವರಿ ಆರಿಸಿದ್ದೆ, ಆದ್ರೆ ಆ ಕಾಲದಲ್ಲಿ ಗಾಳಿ ಮೂಡಣದಿಂದ ಬೀಸುತ್ತೆ, ನಾನು ಹೋಗ್ತಿರೋದೂ ಮೂಡಣಕ್ಕೇ. ಏರಾದ್ರೆ ಮುಗಿಯುತ್ತೆ, ಈ ಗಾಳಿ ದಿನವಿಡೀ ಎದೆ ಹಿಡಿದು ತಳ್ತಾನೇ ಇತ್ತು. ಮುಳಬಾಗಿಲಲ್ಲಿ ದೋಸೆ ನೆಪದಲ್ಲಿ ಒಂದು ಗಂಟೆ ಕೂತ್ಬಿಟ್ಟೆ.

ಮರೀನಾ ಮುಟ್ಟಿದ್ದು ಒಂಬತ್ತನೇ ದಿನ. ಜನವರೀಲಿ ಹೋಗೋರು ಚೆನ್ನೈಯಿಂದ ಹೊರಡಿ, ಗಾಳಿ ಬೆನ್ನಿಗಿರುತ್ತೆ, ಶಿರಾಡಿನೂ ಇಳಿಜಾರಾಗುತ್ತೆ. ಬ್ರೇಕ್ ಪ್ಯಾಡ್ ಮಾತ್ರ ಹೊಸದು ಹಾಕಿಸ್ಕೊಂಡಿರಿ.