ಬೋಟ್ ಕೀನಲ್ಲಿ ಊಟಕ್ಕೆ ಕೂರೋ ಮುಂಚೆ

ಸಿಂಗಾಪುರದ ಬೋಟ್ ಕೀನಲ್ಲಿ ನದಿ ಪಕ್ಕ ಊಟ ಮಾಡೋ ಪ್ಲಾನ್ ಇದ್ರೆ ರಾಫೆಲ್ಸ್ ಪ್ಲೇಸ್ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದು ಸೀದಾ ಹೋಟೆಲ್‌ಗೆ ನುಗ್ಬೇಡಿ, ಬೆಳಕಿರುವಾಗ್ಲೇ ಬಂದು ಮೊದ್ಲು ಕ್ಯಾವೆನಾ ಸೇತುವೆ ಕಡೆ ಹೋಗಿ. 1869ರ ಸೇತುವೆ ಅದು, ದನ ಕುದುರೆ ಹೊಡ್ಕೊಂಡು ಬರಬಾರ್ದು ಅನ್ನೋ ಹಳೇ ಬೋರ್ಡ್ ಇನ್ನೂ ಹಾಗೇ ನಿಂತಿದೆ. ಎಷ್ಟು ತಗ್ಗಿದೆ ನೋಡಿ, ಸಮುದ್ರ ಉಬ್ಬರ ಬಂದಾಗ ಸರಕಿನ ದೋಣಿ ಅದರ ಕೆಳಗೆ ತೂರ್ತಾನೇ ಇರ್ಲಿಲ್ಲ, ನೀರು ಇಳಿಯೋವರ್ಗೂ ಕಾಯ್ಬೇಕಿತ್ತು. ಈಗ ಆ ಉಬ್ಬರ ಇಳಿತ ಒಳಗೆ ಬರಲ್ಲ, 2008ರಲ್ಲಿ ಮರೀನಾ ಬ್ಯಾರೇಜ್ ಅನ್ನೋ ಅಡ್ಡಗಟ್ಟೆ ಬಂದ್ಮೇಲೆ ನದಿ ಜಲಾಶಯದ ಭಾಗ ಆಗೋಯ್ತು.

ಸೇತುವೆ ದಾಟಿ ಏಷ್ಯನ್ ಸಿವಿಲೈಸೇಷನ್ಸ್ ಮ್ಯೂಸಿಯಂ ಇರೋ ಕಡೆ ದಡದಲ್ಲಿ ನಿಂತು ಎದುರಿನ ಹೋಟೆಲ್ ಸಾಲು ನೋಡಿ. ನದಿ ಅಲ್ಲಿ ಮೀನಿನ ಹೊಟ್ಟೆ ಥರ ಉಬ್ಬಿದೆ, ಅದು ಲಕ್ಷ್ಮಿ ಬರೋ ಜಾಗ ಅಂತ ಚೀನೀ ವ್ಯಾಪಾರಿಗಳು ನಂಬಿದ್ರು. ಮೂಲದಲ್ಲಿ ಬರೀ ಜೌಗು! 1822ರಲ್ಲಿ ಇಲ್ಲಿ ಬ್ರಿಟಿಷ್ ನೆಲೆ ಶುರು ಮಾಡಿದ್ದ ರಾಫೆಲ್ಸ್ ಪಕ್ಕದ ಗುಡ್ಡ ಅಗೆಸಿ ಆ ಮಣ್ಣು ತುಂಬ್ಸಿದ್ದು, ಅಂದ್ರೆ ನೀವು ಇಳಿದ ಸ್ಟೇಷನ್ ಹತ್ರ ಇದ್ದ ಗುಡ್ಡದ ಮಣ್ಣಿನ ಮೇಲೇ ನಿಮ್ಮ ಟೇಬಲ್ ಹಾಕಿರೋದು. ಆಗ ಈ ಕಟ್ಟಡಗಳಲ್ಲಿ ಕೆಳಗೆ ಗೋಡೌನ್, ಮೇಲೆ ವಾಸ. ಕೂಲಿಯವ್ರು ಮೂಟೆ ಹೊತ್ಕೊಂಡು ದೋಣಿಯಿಂದ ದಡಕ್ಕೆ ಇಟ್ಟ ಒಂದೇ ಹಲಗೆ ಮೇಲೆ ನಡೀತಿದ್ರು.

ನದಿ ಗಬ್ಬೆದ್ದು ಹೋಗಿತ್ತು, ಹಂದಿ ಸಾಕೋವ್ರ ಗಲೀಜು, ಬೀದಿ ಅಂಗಡಿ ಕಸ ಎಲ್ಲಾ ಅದಕ್ಕೇ. 1977ರಲ್ಲಿ ಪ್ರಧಾನಿ ಲೀ ಕುವಾನ್ ಯೂ ಹತ್ತು ವರ್ಷದಲ್ಲಿ ಕ್ಲೀನ್ ಆಗ್ಬೇಕು ಅಂದ್ರು, 1983ರಲ್ಲಿ ದೋಣಿಗಳನ್ನೆಲ್ಲ ಕಡಲ ತೀರದ ಪಾಸಿರ್ ಪಂಜಾಂಗ್‌ಗೆ ಕಳ್ಸಿದ್ರು, ದೋಣಿ ಹೋದ್ಮೇಲೆ ಗೋಡೌನ್‌ಗೆ ಕೆಲ್ಸ ಇಲ್ಲ. 1989ರಲ್ಲಿ ಕಟ್ಟಡಗಳಿಗೆ ರಕ್ಷಣೆ ಸಿಕ್ಕಿ ಆಮೇಲೆ ಹೋಟೆಲ್ ಬಂದಿದ್ದು. ನನಗಂತೂ ನದಿ ಜೊತೆ ಅದರ ಜೀವನೂ ತೊಳೆದುಬಿಟ್ರು ಅನ್ಸುತ್ತೆ, ಇರ್ಲಿ.

ಈಗ ಎಲ್ಗಿನ್ ಸೇತುವೆ ದಾಟಿ ವಾಪಸ್ ಬನ್ನಿ. ಬಾಗಿಲಲ್ಲಿ ಮೆನು ಹಿಡ್ಕೊಂಡು ಕರೆಯೋವ್ರಿಗೆ ಸುಮ್ನೆ ನಕ್ಕು ಮುಂದೆ ಹೋಗಿ, ಒಳಗಡೆ ಹಳೇ ಗೋಡೆ, ಮರದ ತೊಲೆ ಉಳ್ಸಿರೋ ಕಡೆ ಕೂತ್ಕೊಳ್ಳಿ. ಏಡಿ, ಮೀನು 100 ಗ್ರಾಂ ಲೆಕ್ಕದಲ್ಲಿ ಬರ್ದಿರ್ತಾರೆ, ತೂಕ ಹಾಕ್ಸಿ ಒಟ್ಟು ಎಷ್ಟಾಗುತ್ತೆ ಅಂತ ಕೇಳಿ ಆಮೇಲೆ ಆರ್ಡರ್ ಮಾಡಿ. ರೇಟ್ ಪಕ್ಕ ಎರಡು ಪ್ಲಸ್ ಗುರುತಿದ್ರೆ ಸರ್ವಿಸ್ ಚಾರ್ಜು, ಜಿಎಸ್‌ಟಿ ಮೇಲೆ ಬೀಳುತ್ತೆ ಅಂತ ಅರ್ಥ. ಕೇಳ್ದೇನೇ ತಂದಿಟ್ಟ ಕಡಲೆಬೀಜ, ಒದ್ದೆ ಟಿಶ್ಯೂ ಎರಡೂ ಬಿಲ್‌ಗೆ ಸೇರ್ಬಹುದು, ಬೇಡ ಅಂದ್ರೆ ಮುಟ್ಟೋಕೆ ಮುಂಚೇನೇ ವಾಪಸ್ ಕಳ್ಸಿ.