ಗೊಜ್ಜವಲಕ್ಕಿ ಕಟ್ಟಿಕೊಂಡು 154 ಕಿಲೋಮೀಟರ್: ನಮ್ಮಿಬ್ಬರ ಅನುಭವ

ಸ್ಕಾಟ್ಲೆಂಡಿನ ಕಾಲ್ನಡಿಗೆಯಲ್ಲಿ ನಾವು ಮೊದಲ ಸಲ ಸೋತಿದ್ದು ಇನ್ವರಾರ್ನನ್ ಅನ್ನುವ ಊರಿನ ಬಸ್ ಸ್ಟಾಪಿನಲ್ಲಿ. ಜುಲೈ ತಿಂಗಳು, ಸಣ್ಣ ಮಳೆ. ನನ್ನ ಮೊಣಕಾಲು ಊದಿತ್ತು, ನಮ್ಮ ಯಜಮಾನರ ಮುಖ ಅದಕ್ಕಿಂತ ಜಾಸ್ತಿ ಊದಿತ್ತು. ಗ್ಲಾಸ್ಗೋ ಬಸ್ ಬರುವವರೆಗೆ ಒಂದು ಗಂಟೆ ಇಬ್ಬರೂ ಮಾತಾಡಲಿಲ್ಲ. ಮೂರೂಕಾಲು ಲಕ್ಷ ಖರ್ಚು ಮಾಡಿ ಬಂದು ಅರ್ಧ ದಾರಿಯನ್ನೂ ಮುಟ್ಟಿರಲಿಲ್ಲ.

ಸ್ಕಾಟ್ಲೆಂಡಿನ ವೆಸ್ಟ್ ಹೈಲ್ಯಾಂಡ್ ವೇ ಗ್ಲಾಸ್ಗೋ ಪಕ್ಕದ ಮಲ್‌ಗಾಯ್ ಊರಿನಿಂದ ಫೋರ್ಟ್ ವಿಲಿಯಂವರೆಗೆ ಹೋಗುವ ಕಾಲುದಾರಿ. ಸುಮಾರು 154 ಕಿ.ಮೀ. ನನ್ನ ನಾದಿನಿ ಗ್ಲಾಸ್ಗೋದಲ್ಲಿದ್ದಾಳೆ, ಅದಕ್ಕೇ ಈ ದಾರಿ. ಎರಡು ವರ್ಷ ಬಿಟ್ಟು ಮೇ ತಿಂಗಳಲ್ಲಿ ಮತ್ತೆ ಹೊರಟಾಗ ನಮ್ಮ ಟ್ರೆಕ್ಕಿಂಗ್ ಗುಂಪಿನವರೆಲ್ಲ ನಕ್ಕರು. "ಬ್ಯಾಗನ್ನು ಸಾಮಾನು ಸಾಗಿಸುವ ವ್ಯಾನಿನವರಿಗೆ ಕೊಡಿ, ಲಾಡ್ಜ್‌ನಲ್ಲಿ ಮಲಗಿ, ಈ ವಯಸ್ಸಲ್ಲಿ ಟೆಂಟ್ ಯಾಕೆ?" ಅಂದರು. ನನಗೆ ಆಗ ನಲವತ್ತೇಳು, ಇವರಿಗೆ ಐವತ್ತೆರಡು. ಎಂಟು ದಿನದಲ್ಲಿ ಮುಗಿಸಿದೆವು. ಬ್ಯಾಗ್ ನಮ್ಮ ಬೆನ್ನ ಮೇಲೇ ಇತ್ತು.

ಬದಲಾಯಿಸಿದ್ದು ಮುಖ್ಯವಾಗಿ ಮೂರು. ಹೊರೆ, ನಡಿಗೆ, ಊಟ.

ಹೊರೆಯಲ್ಲಿ ಮೊದಲ ಸಲ ಸಮಪಾಲು ಮಾಡಿಕೊಂಡಿದ್ದೆವು. ಇಬ್ಬರಿಗೂ ಹದಿಮೂರು ಕಿಲೋ. ನಾನೇ ಹಟ ಮಾಡಿದ್ದು, ಅದನ್ನು ಒಪ್ಪಿಕೊಳ್ಳುತ್ತೇನೆ. ನನ್ನ ತೂಕ ಐವತ್ತೆರಡು, ಇವರದ್ದು ಎಪ್ಪತ್ನಾಲ್ಕು. ಕಾನಿಕ್ ಹಿಲ್ ಇಳಿಯುವಾಗಲೇ ನನ್ನ ಮೊಣಕಾಲು ಕೂಗಿತು. ಅದು ಬರೀ 361 ಮೀಟರಿನ ಗುಡ್ಡ, ಕುಮಾರ ಪರ್ವತದ ಮುಂದೆ ಏನೂ ಅಲ್ಲ. ಎರಡನೇ ಸಲ ಮೈತೂಕದ ಏಳನೇ ಒಂದು ಪಾಲು ನನಗೆ, ಉಳಿದಿದ್ದೆಲ್ಲ ಇವರಿಗೆ. ನನಗೆ ಏಳೂವರೆ ಬಂತು, ಇವರಿಗೆ ಹನ್ನೊಂದು-ಹನ್ನೆರಡು. ಊಟ ಖಾಲಿಯಾದ ಹಾಗೆ ಇವರ ಬ್ಯಾಗೇ ಹಗುರಾಗಬೇಕು, ಹಾಗಾಗಿ ಊಟವೆಲ್ಲ ಇವರ ಹತ್ತಿರ. ಮಲಗುವ ಚೀಲ, ಬಟ್ಟೆ, ಒಲೆ ನನ್ನ ಹತ್ತಿರ.

ನಡಿಗೆ ವಿಷಯ ಹೇಳಿದರೆ ಕೆಲವರು ಮುಖ ಸಿಂಡರಿಸುತ್ತಾರೆ. ನಾವು ಜೊತೆಯಲ್ಲಿ ನಡೆಯುವುದಿಲ್ಲ. ಇವರದ್ದು ದಾಪುಗಾಲು. ಹಿಂದೆ ನಾನು ಓಡಬೇಕು, ಇಲ್ಲ ಇವರು ನಿಂತು ನಿಂತು ಕಾಯಬೇಕು. ಕಾಯುವವರಿಗೆ ಚಳಿ, ಓಡುವವರಿಗೆ ಸಿಟ್ಟು. ಈಗ ಬೆಳಿಗ್ಗೆ ಒಲೆ ಆರಿಸಿದ ತಕ್ಷಣ ನಾನು ಹೊರಡುತ್ತೇನೆ. ಇವರು ಟೆಂಟ್ ಬಿಚ್ಚಿ, ಒದ್ದೆ ಹೊದಿಕೆಯನ್ನು ಸಣ್ಣ ಟವೆಲ್ಲಿನಿಂದ ಒರೆಸಿ, ಬೇರೆ ಚೀಲಕ್ಕೆ ತುಂಬಿ ನಲವತ್ತು ನಿಮಿಷದ ನಂತರ ಹೊರಡುತ್ತಾರೆ. ಹತ್ತೂವರೆ ಹನ್ನೊಂದರ ಹೊತ್ತಿಗೆ ಹಿಂದಿನಿಂದ ಕೋಲಿನ ಟಕ್ ಟಕ್ ಕೇಳುತ್ತದೆ. ಅಷ್ಟರಲ್ಲಿ ನನಗೂ ಮಾತಾಡುವ ಮನಸ್ಸಾಗಿರುತ್ತದೆ! ಮ್ಯಾಪ್ ಇಬ್ಬರ ಹತ್ತಿರವೂ ಇರುತ್ತದೆ, ಸೀಟಿಯೂ. ದಾರಿ ಕವಲಾದ ಕಡೆ ಮುಂದೆ ಹೋದವರು ನಿಲ್ಲಲೇಬೇಕು. ಮರದ ಕಂಬಗಳ ಮೇಲೆ ಬಿಳಿ ಥಿಸಲ್ ಹೂವಿನ ಗುರುತು ಇರುವುದರಿಂದ ಅಲ್ಲಿ ತಪ್ಪುವುದು ಕಷ್ಟ. ನಮ್ಮ ಕಾಡಿನಲ್ಲಿ, ಆನೆ ಓಡಾಡುವ ಕಡೆ, ಇದನ್ನು ಮಾಡಬೇಡಿ.

ಒಂದು ಕಡೆ ಮಾತ್ರ ಜೊತೆಯಾಗಿಯೇ ಹೋದೆವು. ಇನ್ವರ್‌ಸ್ನೇಡ್‌ನಿಂದ ಇನ್ವರಾರ್ನನ್‌ವರೆಗೆ, ಲಾಕ್ ಲೋಮಂಡ್ ಸರೋವರದ ಅಂಚು. ಬೇರು, ಬಂಡೆ, ಜಾರು. ಹತ್ತು ಕಿಲೋಮೀಟರ್ ಅಷ್ಟೇ, ಐದು ಗಂಟೆ ಬೇಕಾಯಿತು. ಹಿಂದಿನ ಸಲ ನಾನು ಬಿದ್ದಿದ್ದ ಬಂಡೆ ಹತ್ತಿರ ಇವರು ಸುಮ್ನೆ ಕೈ ಚಾಚಿದರು. ನಾನೂ ಸುಮ್ನೆ ಹಿಡಿದುಕೊಂಡೆ.

ಇನ್ನು ಊಟ. ಇದು ನನ್ನ ಇಲಾಖೆ.

ಮೊದಲ ಸಲ ಅಕ್ಕಿ, ಬೇಳೆ ಹೊತ್ತುಕೊಂಡು ಹೋಗಿದ್ದೆವು. 230 ಗ್ರಾಂ ಗ್ಯಾಸ್ ಡಬ್ಬಿ ಮೂರನೇ ರಾತ್ರಿಗೆ ಖಾಲಿ. ಅರ್ಧ ಬೆಂದ ಅನ್ನ ತಿಂದು ಮಲಗಿದ್ದು ಇನ್ನೂ ಮರೆತಿಲ್ಲ. ಎರಡನೇ ಸಲದ ನಿಯಮ ಒಂದೇ, ಬಿಸಿನೀರು ಹೊಯ್ದರೆ ಊಟ ಆಗಬೇಕು. ಕುದಿಸುವುದು ನೀರು ಮಾತ್ರ. ಹೀಗೆ ಒಂದು ಡಬ್ಬಿ ಐದು ದಿನ ಬಂತು. ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವ ಹಾಗಿಲ್ಲ, ಗ್ಲಾಸ್ಗೋದಲ್ಲಿ ಏಳೆಂಟು ಪೌಂಡ್ ಕೊಟ್ಟು ತಗೊಂಡಿದ್ದು.

ಬೆಳಿಗ್ಗೆ ರಾಗಿ ಹುರಿಹಿಟ್ಟು, ಬೆಲ್ಲದ ಪುಡಿ, ಏಲಕ್ಕಿ. ನಡುವೆ ಕಡಲೆಬೀಜ, ಕೊಬ್ಬರಿ, ಬೆಲ್ಲ. ರಾತ್ರಿ ಗೊಜ್ಜವಲಕ್ಕಿ. ದಪ್ಪ ಅವಲಕ್ಕಿಯನ್ನು ಮಿಕ್ಸಿಯಲ್ಲಿ ತರಿ ಮಾಡಿ, ಹುಣಸೆ ಗೊಜ್ಜನ್ನು ಗಟ್ಟಿಯಾಗಿ ಕುದಿಸಿ ಒಣಗಿಸಿ ಪುಡಿ ಮಾಡಿ, ಸಾರಿನ ಪುಡಿ ಜೊತೆ ಬೆರೆಸಿ, ಒಗ್ಗರಣೆ ಹಾಕಿ, ಒಂದೊಂದು ರಾತ್ರಿಗೆ ಒಂದೊಂದು ಪೊಟ್ಟಣ. ಬಿಸಿನೀರು ಹಾಕಿ ಮುಚ್ಚಿಟ್ಟರೆ ಏಳು ನಿಮಿಷ. ನಿಮಗೆಲ್ಲ ಗೊತ್ತಿರುವ ತಿಂಡಿಯೇ. ಆದರೆ ಗೊಜ್ಜು ಅಂಟಾಗದೆ ಪುಡಿಯಾಗಲು ಅದಕ್ಕೆ ಒಂದು ಸಾಮಾನು ಸೇರಿಸಬೇಕು. ಅದನ್ನು ಬರೆಯುವುದಿಲ್ಲ, ಅತ್ತೆ ಹೇಳಿಕೊಟ್ಟಿದ್ದು, ಅವರಿಗೆ ಮಾತು ಕೊಟ್ಟಿದ್ದೇನೆ.

ಬೇಳೆ ಸಾರು ಒಣಗಿಸುವ ಪ್ರಯೋಗ ಎರಡು ಸಲ ಹಾಳಾಯಿತು. ಮೈಸೂರಿನ ತಾರಸಿ ಮೇಲೆ ತಟ್ಟೆಗೆ ಹರಡಿ ಇಟ್ಟೆ. ಮೊದಲ ಸಲ ಮೋಡ ಮುಚ್ಚಿ ಬೂಸಲು. ಎರಡನೇ ಸಲ ಕಾಗೆ. ಕೊನೆಗೆ ಆರು ಸಾವಿರ ಚಿಲ್ಲರೆ ಕೊಟ್ಟು ಒಣಗಿಸುವ ಮೆಷಿನ್ ತಂದೆ. ತೊಗರಿಗಿಂತ ಹೆಸರುಬೇಳೆ ವಾಸಿ, ನುಣ್ಣಗೆ ಮಸೆದು ತೆಳ್ಳಗೆ ಹರಡಬೇಕು, ಹಪ್ಪಳದ ಹಾಗೆ ಏಳುತ್ತದೆ. ತುಪ್ಪ ಒಯ್ಯುವ ಆಸೆ ಬಿಡಿ. ಹೊರಗಿನಿಂದ ಹಾಲಿನ ಪದಾರ್ಥ ತರುವುದನ್ನು ಬ್ರಿಟನ್ನಿನವರು ಬಿಡುವುದಿಲ್ಲ. ಮಜ್ಜಿಗೆ ಮೆಣಸಿನಕಾಯಿ ಕೂಡ ಆ ಲೆಕ್ಕಕ್ಕೇ ಬರುತ್ತದಲ್ಲ ಅಂತ ಕೊನೇ ಗಳಿಗೆಯಲ್ಲಿ ಹೊಳೆದು, ಸೂಟ್‌ಕೇಸಿನಿಂದ ತೆಗೆದಿಟ್ಟು ಬಂದೆ. ನನಗೆ ಅಳುವೇ ಬಂತು.

ಒಬ್ಬರಿಗೆ ದಿನಕ್ಕೆ ಐನೂರೈವತ್ತು ಗ್ರಾಂ ಲೆಕ್ಕ. ಎಂಟು ದಿನದ್ದನ್ನು ಒಟ್ಟಿಗೆ ಹೊರಲಿಲ್ಲ. ನಾಲ್ಕನೇ ಸಂಜೆ ನಾದಿನಿ ಕಾರಿನಲ್ಲಿ ಟೈಂಡ್ರಮ್‌ಗೆ ಬಂದು ಉಳಿದರ್ಧ ಕೊಟ್ಟಳು. "ಅತ್ತಿಗೆ, ಇದು ಮೋಸ ಅಲ್ವಾ?" ಅಂತ ನಕ್ಕಳು. ಯಾರಾದರೂ ಮೋಸ ಅಂದರೆ ಅನ್ನಲಿ, ನನಗೇನೂ ಬೇಜಾರಿಲ್ಲ.

ನುಸಿ ವಿಷಯ ಹೇಳಲೇಬೇಕು. ಅಲ್ಲಿಯವರು ಮಿಡ್ಜ್ ಅನ್ನುತ್ತಾರೆ. ಗಾಳಿ ನಿಂತ ಸಂಜೆ ಮೋಡದ ಹಾಗೆ ಬಂದು ಮುತ್ತುತ್ತವೆ. ಮೊದಲ ಸಲ ನಾನು ಜಾಣತನ ಮಾಡಿ ನಮ್ಮ ದರ್ಜಿ ಹತ್ತಿರ ಸೊಳ್ಳೆಪರದೆ ಬಟ್ಟೆಯಲ್ಲಿ ತಲೆಗೆ ಚೀಲ ಹೊಲಿಸಿದ್ದೆ. ಆ ರಂಧ್ರದಲ್ಲಿ ನುಸಿ ಆರಾಮಾಗಿ ಒಳಗೆ ಬಂತು, ಆದರೆ ಹೊರಗೆ ಹೋಗಲಿಲ್ಲ. ಮಜ್ಜಿಗೆ ಹುಲ್ಲಿನ ಎಣ್ಣೆ, ಬೇವಿನೆಣ್ಣೆ, ಎರಡೂ ದಂಡ. ಮಲೆನಾಡಿನ ಇಂಬಳಕ್ಕೆ ಮಾಡುವ ಸುಣ್ಣ-ಹೊಗೆಸೊಪ್ಪಿನ ಉಪಾಯವನ್ನೂ ಇವರು ಕಾಲಿಗೆ ಮೆತ್ತಿ ನೋಡಿದರು. ಚರ್ಮ ಸುಟ್ಟಿತು, ನುಸಿಗೆ ಏನೂ ಆಗಲಿಲ್ಲ. ಎರಡನೇ ಸಲ ಅಲ್ಲಿಯದೇ ಸಣ್ಣ ಕಣ್ಣಿನ ಬಲೆ, ಅಲ್ಲಿಯದೇ ಸ್ಮಿಡ್ಜ್ ಅನ್ನುವ ಸ್ಪ್ರೇ ತಗೊಂಡೆವು. ಅದಕ್ಕಿಂತ ದೊಡ್ಡದು ತಿಂಗಳು ಬದಲಾಯಿಸಿದ್ದು. ಮೇ ಮೊದಲಲ್ಲಿ ನುಸಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಟೆಂಟನ್ನು ಮರದ ಮರೆಯಲ್ಲಿ ಹಾಕದೆ ಗಾಳಿ ಬೀಸುವ ದಿಬ್ಬದ ಮೇಲೆ ಹಾಕಿದರೆ ಉಳಿದವೂ ಹಾರಲಾಗದೆ ದೂರ ಇರುತ್ತವೆ.

ಟೆಂಟ್ ಹಾಕುವುದಕ್ಕೆ ಅಲ್ಲಿ ಹಕ್ಕೇ ಇದೆ. 2003ರ ಕಾನೂನು ಕೊಟ್ಟಿದ್ದು. ಲಾಕ್ ಲೋಮಂಡ್ ದಡದ ಕೆಲವು ಕಡೆ ಮಾತ್ರ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಪರ್ಮಿಟ್ ಬೇಕು, ನಾವು ಹೋದಾಗ ರಾತ್ರಿಗೆ ಮೂರೋ ನಾಲ್ಕೋ ಪೌಂಡ್ ಇತ್ತು. ನಮ್ಮಲ್ಲಿ ಕಾಡಿನೊಳಗೆ ಹೀಗೆ ರಾತ್ರಿ ಉಳಿಯಲು ಬಿಡುವುದಿಲ್ಲ. ಹಾಗಾಗಿ ಅಭ್ಯಾಸ ಮಾಡಿದ್ದು ತೀರ್ಥಹಳ್ಳಿ ಹತ್ತಿರ ನಮ್ಮಣ್ಣನ ಅಡಿಕೆ ತೋಟದಲ್ಲಿ, ಆಷಾಢದ ಮಳೆಯಲ್ಲಿ, ಮೂರು ರಾತ್ರಿ. ಅತ್ತಿಗೆ ಜಗಲಿಯಿಂದ ಟಾರ್ಚ್ ಬಿಟ್ಟು "ಬದುಕಿದ್ದೀರಾ?" ಅಂತ ಕೇಳುತ್ತಿದ್ದರು. ಆಗುಂಬೆ ಕಡೆಯ ಮಳೆ ತಡೆದ ಟೆಂಟಿಗೆ ಸ್ಕಾಟ್ಲೆಂಡ್ ಏನೂ ಮಾಡಲಾರದು.

ಚಳಿಗೆ ಮಾತ್ರ ತುಂಬಾ ದುಡ್ಡು ಕಳೆದೆವು. ಊರಿನ ರಜಾಯಿ ಹೊಲಿಯುವವರ ಹತ್ತಿರ ಇಬ್ಬರಿಗೂ ಸೇರಿ ಒಂದು ಹೊದಿಕೆ ಮಾಡಿಸಿದೆ. ಮೂರು ಕಿಲೋ ಹತ್ತಿರ ಬಂತು, ಮನೆಯಲ್ಲೇ ಉಳಿಯಿತು. ಆಮೇಲೆ ಒಂದೇ ಅಳತೆಯ ಎರಡು ಮಲಗುವ ಚೀಲ ತಗೊಂಡೆವು, ಒಂದಕ್ಕೆ ಜಿಪ್ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ. ಎರಡನ್ನೂ ಸೇರಿಸಿದರೆ ಒಂದೇ ದೊಡ್ಡ ಚೀಲ. ಇವರ ಮೈ ಬಚ್ಚಲ ಹಂಡೆ ಇದ್ದ ಹಾಗೆ. ನನ್ನ ಕಾಲಿಗೆ ಅಷ್ಟು ಸಾಕು. ಗೊರಕೆಗೆ ಮಾತ್ರ ಇನ್ನೂ ಪರಿಹಾರ ಸಿಕ್ಕಿಲ್ಲ.

ಟೈಂಡ್ರಮ್ ದಾಟಿದ ಮೇಲೆ ಇನ್ವರೋರನ್ ಅನ್ನುವ ಕಡೆ ಹೊಳೆ ಪಕ್ಕ ನಾವು ಟೆಂಟ್ ಹಾಕಿದ ಜಾಗ ಎಲ್ಲಿ ಅಂತ ಹೇಳುವುದಿಲ್ಲ. ರಾತ್ರಿ ಒಂಬತ್ತೂವರೆಗೂ ಬೆಳಕಿತ್ತು. ಎದುರು ದಡದಲ್ಲಿ ನಾಲ್ಕು ಜಿಂಕೆ. ಲೋಟ ಎರಡೂ ಕೈಯಲ್ಲಿ ಹಿಡಿದು ಹುರಿಹಿಟ್ಟಿನ ಗಂಜಿ ಕುಡಿಯುತ್ತಿದ್ದೆ, ಇವರು ನನ್ನ ಶೂ ಒಳಗೆ ಒಣ ಕಾಲುಚೀಲ ತುರುಕುತ್ತಿದ್ದರು, ತೇವ ಹೀರಲಿ ಅಂತ. ಇಪ್ಪತ್ಮೂರು ವರ್ಷದ ಸಂಸಾರದಲ್ಲಿ ಇವರು ನನ್ನ ಚಪ್ಪಲಿ ಮುಟ್ಟಿದ್ದು ನೆನಪಿಲ್ಲ.

ರಾನಕ್ ಮೂರ್ ಅನ್ನುವ ಜವುಗು ಬಯಲು ದಾಟಿದ್ದು ಎದುರುಗಾಳಿಯಲ್ಲಿ, ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಡೆವಿಲ್ಸ್ ಸ್ಟೇರ್‌ಕೇಸ್ ಅನ್ನುವ ಏರುದಾರಿ ಹೆಸರಿಗೆ ಮಾತ್ರ ಹೆದರಿಕೆ. ಅದರ ಆಚೆ ಕಿನ್‌ಲಾಕ್‌ಲೀವನ್‌ಗೆ ಇಳಿಯುವಾಗ ಜಲವಿದ್ಯುತ್ತಿನ ದೊಡ್ಡ ಪೈಪುಗಳು ಕಂಡವು. ಇವರು ವಿದ್ಯುತ್ ಕೆಲಸದವರು. ಅಲ್ಲೇ ಮುಕ್ಕಾಲು ಗಂಟೆ ನಿಂತು, 1902ರಲ್ಲಿ ನಮ್ಮ ಶಿವನಸಮುದ್ರ ಇದಕ್ಕಿಂತ ಮೊದಲೇ ಶುರುವಾಗಿತ್ತು ಅಂತ ದಾರಿಯಲ್ಲಿ ಬಂದ ಇಬ್ಬರು ಜರ್ಮನ್ನರಿಗೆ ವಿವರಿಸಿದರು. ಅವರು ಪಾಪ ತಲೆ ಆಡಿಸಿದರು.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಎರಡನೇ ಸಲ ವಿಮಾನ ಇಬ್ಬರಿಗೂ ಒಂದೂವರೆ ಲಕ್ಷದ ಸುತ್ತ. ವೀಸಾಕ್ಕೆ ಮತ್ತೆ ಇಪ್ಪತ್ತೈದು-ಮೂವತ್ತು ಸಾವಿರ, ಅದು ಈಗಲೂ ಉರಿಯುತ್ತದೆ. ದಾರಿಯ ಎಂಟು ದಿನಕ್ಕೆ ಮಾತ್ರ ನೂರೈವತ್ತು, ನೂರರವತ್ತು ಪೌಂಡ್. ಸ್ನಾನ ಬೇಕಾದ ಮೂರು ರಾತ್ರಿ ಕ್ಯಾಂಪ್‌ಸೈಟಿನಲ್ಲಿ, ಎರಡು ಸಲ ಚಿಪ್ಸ್, ಒಂದು ಹೊಸ ಜೊತೆ ಕಾಲುಚೀಲ, ವಾಪಸ್ ಬಸ್. ನಕ್ಕವರಲ್ಲೇ ಒಂದು ಜೋಡಿ ಅದೇ ದಾರಿಯನ್ನು ಲಾಡ್ಜು, ವ್ಯಾನು ಇಟ್ಟುಕೊಂಡು ಮಾಡಿ ಸಾವಿರ ಪೌಂಡ್ ದಾಟಿಸಿದ್ದರು.

ಫೋರ್ಟ್ ವಿಲಿಯಂನಲ್ಲಿ ದಾರಿ ಮುಗಿಯುವ ಕಡೆ ಬೆಂಚಿನ ಮೇಲೆ ಕೂತು ಪಾದ ಒತ್ತಿಕೊಳ್ಳುವ ಒಬ್ಬ ಮನುಷ್ಯನ ಕಂಚಿನ ಪ್ರತಿಮೆ ಇದೆ. ಇವರು ಅದರ ಪಕ್ಕ ಕೂತು ಶೂ ಬಿಚ್ಚಿದರು. ನಾನು ನಲವತ್ತು ನಿಮಿಷ ಮೊದಲೇ ಬಂದು ಕೂತಿದ್ದೆ. ಬ್ಯಾಗಿನಲ್ಲಿ ಇನ್ನೂ ಎರಡು ಪೊಟ್ಟಣ ಗೊಜ್ಜವಲಕ್ಕಿ ಉಳಿದಿತ್ತು. "ಬಸ್ಸಿಗೆ ಇನ್ನೂ ಹೊತ್ತಿದೆ ರೀ, ಬಿಸಿನೀರು ಕೇಳಿಕೊಂಡು ಬನ್ನಿ" ಅಂದೆ.